ಪರೀಕ್ಷೆಯ ಲೆಕ್ಕವೂ ಹಾಲಾಡಿಯ ಮಳೆಯೂ

ಕುಂದಾಪುರದಿಂದ ಒಳನಾಡಿಗೆ ಹೋಗುವ ದಾರಿಯಲ್ಲಿ ಹಾಲಾಡಿ ಎಂಬ ಊರುಂಟು. ಘಟ್ಟದಿಂದಿಳಿದು ಬರುವ ವಾರಾಹಿ ನದಿಗೆ ಆ ಭಾಗದಲ್ಲಿ ಹಾಲಾಡಿ ಹೊಳೆಯೆಂದೂ ಹೆಸರು. ಗಂಗೊಳ್ಳಿಯ ಬಳಿ ಅದು ಸಮುದ್ರವನ್ನು ಸೇರುವುದು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆಯಾಗುವುದು. ನಗರವಾಸಿಗಳಾದ ಶ್ರೋತೃಗಳಿಗೆ ಪರೀಕ್ಷೆಯ ಲೆಕ್ಕವನ್ನು ತಿಳಿಸಹೊರಟವರು ಮಳೆಯ ಸುದ್ದಿಯನ್ನೇಕೆ ಎತ್ತಿದರೆಂದು ತೋರಬಹುದು. ಕಾರಣವಿದೆ. ಹತ್ತನೆಯ ತರಗತಿಯ ಗಣಿತದಲ್ಲಿ ಸಂಖ್ಯಾಶಾಸ್ತ್ರ, ಸಂಭವನೀಯತೆ ಎಂಬ ಎರಡು ಅಧ್ಯಾಯಗಳಿವೆ. ಸುಲಭವಾದುವೆಂದು ಇವುಗಳಿಗೆ ಹೆಸರು. ಸುಲಭವೆಂದೇ ಇವನ್ನು ಕಡೆಯ ವಾರಕ್ಕೆ ಉಳಿಸಿ, ಸೂತ್ರಗಳನ್ನು ಬಾಯಿಪಾಠ ಮಾಡಿ ಹೋದ ಹುಡುಗರು, ತ್ರಿಕೋಣಮಿತಿಯಲ್ಲಿ ಗಳಿಸಿದ ಅಂಕಗಳನ್ನು ಇಲ್ಲಿ ಕಳೆದುಕೊಂಡು ಬರುವುದನ್ನು ನಾವು ಕಂಡಿದ್ದೇವೆ. ಸೂತ್ರ ಮರೆತು ಕಳೆದುಕೊಳ್ಳುವವರು ಕೆಲವರೇ. ಯಾವುದರಲ್ಲಿ ಎಷ್ಟು ಎಂಬ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳದೆ ಕಳೆದುಕೊಳ್ಳುವವರೇ ಬಹಳ ಮಂದಿ.

ಹಾಲಾಡಿಯ ಮಳೆಯನ್ನೇ ನೋಡೋಣ. ಮುಂದೆ ಹೇಳುವ ಅಂಕಿಗಳು ಯಾವ ಒಂದು ವರ್ಷದ ದಾಖಲೆಯೂ ಅಲ್ಲ. ಆ ಸೀಮೆಯ ಮಳೆಯ ನಡೆಗೆ ಒಪ್ಪುವಂತೆ ಅಭ್ಯಾಸಕ್ಕಾಗಿ ನಾವೇ ಜೋಡಿಸಿದವು. ಜನವರಿಯಲ್ಲಿ ಸೊನ್ನೆ, ಫೆಬ್ರವರಿಯಲ್ಲಿ ಸೊನ್ನೆ, ಮಾರ್ಚಿಯಲ್ಲಿ ೫, ಏಪ್ರಿಲಿನಲ್ಲಿ ೩೦, ಮೇ ತಿಂಗಳಲ್ಲಿ ೧೬೫, ಜೂನಿನಲ್ಲಿ ೧೦೦೦, ಜುಲೈಯಲ್ಲಿ ೧೨೫೦, ಆಗಸ್ಟಿನಲ್ಲಿ ೮೫೦, ಸೆಪ್ಟೆಂಬರಿನಲ್ಲಿ ೪೦೦, ಅಕ್ಟೋಬರಿನಲ್ಲಿ ೨೨೦, ನವೆಂಬರಿನಲ್ಲಿ ೭೦, ಡಿಸೆಂಬರಿನಲ್ಲಿ ೧೦ ಮಿಲಿಮೀಟರ್. ಕೂಡಿದರೆ ೪೦೦೦. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸರಾಸರಿ ೩೩೩ಕ್ಕೆ ಸ್ವಲ್ಪ ಮೇಲೆ. ಆದರೆ ೩೩೩ ಮಿಲಿಮೀಟರ್ ಮಳೆಯಾದ ತಿಂಗಳು ಈ ಪಟ್ಟಿಯಲ್ಲಿ ಒಂದೂ ಇಲ್ಲ. ಎಂಟು ತಿಂಗಳು ಸರಾಸರಿಗಿಂತ ಕೆಳಗೆ, ನಾಲ್ಕೇ ತಿಂಗಳು ಅದಕ್ಕಿಂತ ಮೇಲೆ. ಆ ನಾಲ್ಕು ತಿಂಗಳನ್ನೇ ನಮ್ಮ ಹಿರಿಯರು ಮಳೆಗಾಲವೆಂದು ಕರೆದರು.

ಇನ್ನು ಮಧ್ಯಾಂಕ. ಹನ್ನೆರಡು ಸಂಖ್ಯೆಗಳಿರುವುದರಿಂದ ಆರನೆಯದನ್ನೂ ಏಳನೆಯದನ್ನೂ ಕೂಡಿ ಅರ್ಧ ಮಾಡಬೇಕೆಂಬುದು ವಿದ್ಯಾರ್ಥಿಗೆ ಗೊತ್ತು. ಅವಸರದವನು ಪಟ್ಟಿಯನ್ನು ಇದ್ದ ಹಾಗೆಯೇ ಎಣಿಸಿ ಜೂನ್ ಜುಲೈಗಳ ೧೦೦೦ ಮತ್ತು ೧೨೫೦ನ್ನು ಹಿಡಿದು ೧೧೨೫ ಎಂದು ಬರೆಯುವನು. ಏರಿಕೆಯ ಕ್ರಮದಲ್ಲಿ ಇಟ್ಟು ನೋಡಿದವನಿಗೆ ಆರನೆಯದು ೭೦, ಏಳನೆಯದು ೧೬೫, ಮಧ್ಯಾಂಕ ೧೧೭.೫. ಸೂತ್ರ ಒಂದೇ, ಉತ್ತರದಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ! ಬಹುಲಕವಂತೂ ಇನ್ನೂ ವಿನೋದಕರವಾದುದು. ಪಟ್ಟಿಯಲ್ಲಿ ಎರಡು ಸಲ ಬಂದ ಸಂಖ್ಯೆ ಸೊನ್ನೆಯೊಂದೇ ಆದ್ದರಿಂದ, ಕೊಡೆಯಿಲ್ಲದೆ ಹೊರಗೆ ಕಾಲಿಡಲಾಗದ ಆ ಊರಿನ ಮಳೆಗೆ ಬಹುಲಕ ಸೊನ್ನೆ. ಮೂರೂ ಉತ್ತರಗಳು ಸರಿ; ಒಂದೊಂದು ಒಂದೊಂದು ಬೇರೆ ಪ್ರಶ್ನೆಗೆ ಉತ್ತರ. ಇಷ್ಟು ಮನಸ್ಸಿಗೆ ಹಿಡಿದ ಹುಡುಗಿಗೆ, ಯಾವ ಅಳತೆ ಎಲ್ಲಿ ಹೊಂದುವುದೆಂದು ಕೇಳುವ ಪ್ರಶ್ನೆ ಬಂದರೆ ಭಯವಿಲ್ಲ.

ವರ್ಗಾಂತರಗಳಲ್ಲಿ ಕೊಟ್ಟ ದತ್ತಾಂಶದಲ್ಲಿ ಕಷ್ಟ ಸ್ವಲ್ಪ ಹೆಚ್ಚು. ನಲವತ್ತು ತೆಂಗಿನ ಮರಗಳ ತೋಟವೊಂದನ್ನು ಕಲ್ಪಿಸಿಕೊಳ್ಳಿರಿ. ವರ್ಷಕ್ಕೆ ೨೦ರಿಂದ ೪೦ ಕಾಯಿ ಬಿಟ್ಟ ಮರಗಳು ೪, ೪೦ರಿಂದ ೬೦ರವು ೧೦, ೬೦ರಿಂದ ೮೦ರವು ೧೬, ೮೦ರಿಂದ ೧೦೦ರವು ೮, ೧೦೦ರಿಂದ ೧೨೦ರವು ೨. ಮಧ್ಯಬಿಂದುಗಳಿಂದ ಗುಣಿಸಿ ಕೂಡಿದರೆ ೨೬೮೦, ಸರಾಸರಿ ೬೭. ಇಲ್ಲಿ ನಲವತ್ತರಿಂದ ಭಾಗಿಸುವ ಬದಲು ವರ್ಗಾಂತರಗಳು ಐದೆಂದು ಐದರಿಂದ ಭಾಗಿಸಿ ೫೩೬ ಎಂದು ಬರೆಯುವವರುಂಟು. ಒಂದು ಮರಕ್ಕೂ ೧೨೦ಕ್ಕಿಂತ ಹೆಚ್ಚು ಕಾಯಿಲ್ಲದ ತೋಟದಲ್ಲಿ ಸರಾಸರಿ ೫೩೬ ಎಲ್ಲಿಂದ ಬಂತು? ಇದನ್ನು ಕೇಳಿಕೊಳ್ಳಲು ಅರೆನಿಮಿಷ ಸಾಕು. ಮಧ್ಯಾಂಕಕ್ಕೆ ನಲವತ್ತರ ಅರ್ಧ ಇಪ್ಪತ್ತು. ಇಪ್ಪತ್ತನೆಯ ಮರವು ೬೦–೮೦ರ ವರ್ಗದಲ್ಲಿ ಸಿಗುವುದು. ಆ ವರ್ಗಕ್ಕಿಂತ ಹಿಂದಿನ ಸಂಚಿತ ಆವೃತ್ತಿ ೧೪. ಇಪ್ಪತ್ತರಿಂದ ಹದಿನಾಲ್ಕನ್ನು ಕಳೆದು, ಹದಿನಾರರಿಂದ ಭಾಗಿಸಿ, ಇಪ್ಪತ್ತರಿಂದ ಗುಣಿಸಿದರೆ ೭.೫; ಅರವತ್ತಕ್ಕೆ ಕೂಡಿಸಿದರೆ ೬೭.೫. ಹದಿನಾಲ್ಕರ ಬದಲು ಅದೇ ವರ್ಗದ ಸಂಚಿತ ಆವೃತ್ತಿಯಾದ ೩೦ನ್ನು ಹಾಕುವುದು ಎಲ್ಲರೂ ಬೀಳುವ ಹಳ್ಳ. ಹಾಕಿದರೆ ೪೭.೫ ಬರುವುದು. ಮಧ್ಯಾಂಕವು ೬೦ಕ್ಕೂ ೮೦ಕ್ಕೂ ನಡುವೆ ಇದೆಯೆಂದು ತಾನೇ ಮೊದಲು ಬರೆದವನು, ೪೭.೫ನ್ನು ಕಂಡೊಡನೆ ಲೇಖನಿಯನ್ನು ಹಿಂದಕ್ಕೆ ತಿರುಗಿಸಬೇಡವೆ? ಬಹುಲಕ ೬೮.೫೭. ಮೂರು ಮಧ್ಯಾಂಕವು ಒಂದು ಬಹುಲಕ ಮತ್ತು ಎರಡು ಸರಾಸರಿಗಳ ಮೊತ್ತಕ್ಕೆ ಸುಮಾರಾಗಿ ಸಮವೆಂಬ ನಿಯಮದಿಂದ ತಾಳೆ ನೋಡಬಹುದು: ಒಂದು ಕಡೆ ೨೦೨.೫, ಇನ್ನೊಂದು ಕಡೆ ೨೦೨.೫೭. ಎಲ್ಲ ದತ್ತಾಂಶಗಳಲ್ಲಿಯೂ ಇಷ್ಟು ಹತ್ತಿರ ಬಾರದು.

ಎಣಿಕೆಗೂ ಅದೃಷ್ಟದಾಟಕ್ಕೂ ಇರುವ ನಂಟು ನಮಗೆ ಹೊಸದಲ್ಲ. ಕರಾವಳಿಯಲ್ಲಿ ಯಕ್ಷಗಾನವನ್ನು ನೋಡಿ ಬೆಳೆದವರಿಗೆ ನಳನ ಕಥೆ ಗೊತ್ತು. ಬಾಹುಕನ ವೇಷದಲ್ಲಿ ರಥ ಹೊಡೆಯುತ್ತಿದ್ದ ನಳನಿಗೆ ಋತುಪರ್ಣನು ದಾರಿಯ ತಾರೆಮರವೊಂದನ್ನು ತೋರಿಸಿ, ಅದರ ಎರಡು ಕೊಂಬೆಗಳಲ್ಲಿ ೨೦೯೫ ಕಾಯಿಗಳಿವೆಯೆಂದು ಹೇಳಿದನೆಂದು ವನಪರ್ವದಲ್ಲಿದೆ. ನಳನು ನಂಬದೆ ಮರವನ್ನು ಕಡಿದು ಎಣಿಸಿದನು, ಲೆಕ್ಕ ಸರಿಹೋಯಿತು. ಆಮೇಲೆಯೇ ಋತುಪರ್ಣನು ಅವನಿಗೆ ಅಕ್ಷಹೃದಯವನ್ನು, ಅಂದರೆ ದಾಳದ ಗುಟ್ಟನ್ನು, ಉಪದೇಶಿಸಿದ್ದು. ಪ್ರಾಚೀನ ಕಾಲದಲ್ಲಿ ತಾರೆಕಾಯಿಯೇ ದಾಳವಾಗಿತ್ತೆಂಬುದನ್ನು ನೆನೆದರೆ ಕಥೆಯ ಸ್ವಾರಸ್ಯ ಹೆಚ್ಚುವುದು. ಸ್ವಲ್ಪವನ್ನು ನೋಡಿ ಸಮಸ್ತವನ್ನು ಅಂದಾಜಿಸುವ ವಿದ್ಯೆಯನ್ನು ಆಧುನಿಕ ಶಾಸ್ತ್ರವಾಗಿ ನಮ್ಮ ದೇಶದಲ್ಲಿ ಬೆಳೆಸಿದವರು, ೧೯೩೧ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸರು. ಆ ಸಂಸ್ಥೆಯಲ್ಲಿ ದುಡಿದು ಜಗತ್ಪ್ರಸಿದ್ಧರಾದ ಸಿ. ಆರ್. ರಾಯರು ೧೯೨೦ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಸಂಭವನೀಯತೆಯ ಲೆಕ್ಕದಲ್ಲಿ ಕೆಳಗಿನ ಸಂಖ್ಯೆಯೇ, ಅಂದರೆ ಛೇದವೇ, ಎಲ್ಲಕ್ಕೂ ಮೂಲ. ಎರಡು ದಾಳಗಳನ್ನು ಉರುಳಿಸಿದರೆ ಮೊತ್ತವು ಎರಡರಿಂದ ಹನ್ನೆರಡರವರೆಗೆ ಹನ್ನೊಂದು ಬಗೆ. ಆದಕಾರಣ ಏಳು ಬೀಳುವ ಸಂಭವನೀಯತೆ ಹನ್ನೊಂದರಲ್ಲಿ ಒಂದೆಂದು ಬರೆದವನಿಗೆ ಅಂಕವಿಲ್ಲ. ಫಲಿತಗಳು ಮೂವತ್ತಾರು, ಅವುಗಳಲ್ಲಿ ಏಳನ್ನು ಕೊಡುವುವು ಆರು, ಉತ್ತರ ಆರರಲ್ಲಿ ಒಂದು. ಈ ತಪ್ಪಿಗಾಗಿ ಮನೆಯಲ್ಲಿ ಹುಡುಗನನ್ನು ಗದರಿಸುವ ಮೊದಲು ತಂದೆತಾಯಿಗಳು ಒಂದು ಸಂಗತಿಯನ್ನು ತಿಳಿದಿರಬೇಕು. ಫ್ರಾನ್ಸಿನ ಮಹಾಗಣಿತಜ್ಞ ಡಾಲೆಂಬರನು ೧೭೫೪ರಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವ ಮೂರರಲ್ಲಿ ಎರಡೆಂದು ಬರೆದನು. ಮೊದಲ ಸಲವೇ ತಲೆ ಬಿದ್ದರೆ ಆಟ ಮುಗಿಯಿತೆಂದು ಮೂರೇ ಸಂದರ್ಭಗಳನ್ನು ಎಣಿಸಿದ್ದನು. ನಿಜವಾದ ಉತ್ತರ ನಾಲ್ಕರಲ್ಲಿ ಮೂರು. ಒಮ್ಮೆಯೂ ಬೀಳದಿರುವ ಸಂಭವ ನಾಲ್ಕರಲ್ಲಿ ಒಂದು. ಅದನ್ನು ಒಂದರಿಂದ ಕಳೆದರೆ ತೀರಿತು. ‘ಕನಿಷ್ಠ ಒಂದು’ ಎಂಬ ಮಾತು ಪ್ರಶ್ನೆಯಲ್ಲಿ ಕಂಡಾಗಲೆಲ್ಲ ಈ ಹಿಂಬಾಗಿಲನ್ನು ಒಮ್ಮೆ ತಟ್ಟಿ ನೋಡಬೇಕು.

ಸಮಸಂಭವವೆಂಬ ಮಾತನ್ನು ಕಲಿಸಲು ಕವಡೆಯಷ್ಟು ಒಳ್ಳೆಯ ಉಪಕರಣ ಬೇರೊಂದಿಲ್ಲ. ಕವಡೆಗೂ ಎರಡೇ ಮೈ. ಆದರೆ ನಾಣ್ಯದಂತೆ ಅರ್ಧಕ್ಕರ್ಧ ಬೀಳುವುದೆಂದು ಹೇಳಲಾಗದು, ಅದರ ಎರಡು ಮೈಗಳ ಆಕಾರ ಒಂದೇ ಅಲ್ಲ. ಇನ್ನೂರು ಸಲ ಚೆಲ್ಲಿ ಬರೆದಿಟ್ಟು ನೋಡಿದ ಮಗುವಿಗೆ, ಪ್ರಾಯೋಗಿಕ ಸಂಭವನೀಯತೆಗೂ ಸೈದ್ಧಾಂತಿಕ ಸಂಭವನೀಯತೆಗೂ ಇರುವ ಭೇದವನ್ನು ಮತ್ತೆ ವಿವರಿಸಬೇಕಾಗಿಲ್ಲ.

ಇಸ್ಪೀಟಿನ ಪ್ರಶ್ನೆಗಳ ವಿಷಯದಲ್ಲಿ ನಮಗೊಂದು ಅಸಮಾಧಾನವುಂಟು. ಇಸ್ಪೀಟನ್ನು ಮನೆಯೊಳಗೆ ತರಗೊಡದ ಸಂಸಾರಗಳು ಹಳ್ಳಿಗಳಲ್ಲಿ ಎಷ್ಟೋ ಇವೆ. ಅಂಥ ಮನೆಯ ಹುಡುಗಿಗೆ, ಮುಖವಿರುವ ಎಲೆಗಳೆಷ್ಟೆಂದು ತಿಳಿಯದಿದ್ದರೆ ಅದು ಗಣಿತದ ದೋಷವಲ್ಲ. ಆದರೂ ಪ್ರಶ್ನೆ ಬರುತ್ತದೆ; ಆದಕಾರಣ ತಿಳಿದಿರತಕ್ಕದ್ದು: ಒಟ್ಟು ೫೨ ಎಲೆಗಳು, ನಾಲ್ಕು ಬಣ್ಣಗಳಲ್ಲಿ ಹದಿಮೂರು ಹದಿಮೂರು, ಕೆಂಪು ೨೬, ಕಪ್ಪು ೨೬. ರಾಜ, ರಾಣಿ, ಗುಲಾಮ ಇವು ಮುಖದೆಲೆಗಳು, ಒಟ್ಟು ೧೨. ಎಕ್ಕ ಅವುಗಳಲ್ಲಿ ಸೇರದು. ಪರೀಕ್ಷೆಗೆ ಮುಂಚೆ ಒಂದು ಕಟ್ಟನ್ನು ತಂದು ಮೇಜಿನ ಮೇಲೆ ಹರಡಿ ತೋರಿಸಿದರೆ ಮನೆಯ ಮರ್ಯಾದೆಗೆ ಕುಂದಿಲ್ಲ.

ಸಿದ್ಧತೆಗೆ ಹೆಚ್ಚು ಕಾಲ ಬೇಡ. ದಿನಕ್ಕೊಂದು ಪಟ್ಟಿಯನ್ನು ವಿದ್ಯಾರ್ಥಿಯೇ ತನ್ನ ಸುತ್ತಲಿಂದ ಮಾಡಿಕೊಂಡು, ಮೂರು ಅಳತೆಗಳನ್ನು ತೆಗೆದು, ಅದೇ ಪಟ್ಟಿಯಿಂದ ಸಂಭವನೀಯತೆಯ ಎರಡು ಪ್ರಶ್ನೆಗಳನ್ನು ತಾನೇ ರಚಿಸಿ ಬಿಡಿಸಲಿ. ಹಳೆಯ ಪ್ರಶ್ನಪತ್ರಿಕೆಗಳು ಇದಾದ ಮೇಲೆ. ಹಾಲಾಡಿಯ ನಮ್ಮ ಪಟ್ಟಿಯಿಂದಲೇ ಅಂಥ ಜೋಡಿಯೊಂದನ್ನು ಕೊಡುತ್ತೇವೆ. ಹನ್ನೆರಡು ತಿಂಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಒಂದನ್ನು ಎತ್ತಿದರೆ, ಸರಾಸರಿಗಿಂತ ಹೆಚ್ಚು ಮಳೆಯ ತಿಂಗಳು ಬರುವ ಸಂಭವನೀಯತೆ ಹನ್ನೆರಡರಲ್ಲಿ ನಾಲ್ಕು, ಅಂದರೆ ಮೂರರಲ್ಲಿ ಒಂದು. ಚೀಟಿಗಳನ್ನು ಬಿಟ್ಟು, ಬಿದ್ದ ೪೦೦೦ ಮಿಲಿಮೀಟರಿನಲ್ಲಿ ಯಾವುದೋ ಒಂದು ಮಿಲಿಮೀಟರನ್ನು ಆರಿಸಿ, ಅದು ಆ ತಿಂಗಳುಗಳಲ್ಲಿ ಬಿದ್ದುದಾಗಿರುವ ಸಂಭವವೆಷ್ಟೆಂದು ಕೇಳಿದರೆ? ಆ ನಾಲ್ಕು ತಿಂಗಳ ಮಳೆ ೩೫೦೦; ಉತ್ತರ ಎಂಟರಲ್ಲಿ ಏಳು.