ಗಡಿಗೆಯ ಕೆಂಪು, ಕುಂಚದ ಕೆಂಪು

ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಗಡಿಗೆಯನ್ನು ಜಲವರ್ಣದಲ್ಲಿ ಚಿತ್ರಿಸಲು ಮಣ್ಣಿನಿಂದ ಮಾಡಿದ ಕೆಂಪನ್ನು ಆರಿಸಿಕೊಂಡರೆ, ಅದು ಬಹುಮಟ್ಟಿಗೆ ಆ ಗಡಿಗೆಯ ಮೈಯಲ್ಲಿರುವ ಕೆಂಪೇ. ಎರಡಕ್ಕೂ ಮೂಲ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಸುತ್ತಲ ಸೀಮೆಯಲ್ಲಿ, ಹೊಳಲ್ಕೆರೆ, ಹೊಸದುರ್ಗಗಳ ಅದಿರುಗುಡ್ಡಗಳಲ್ಲಿ ನೆಲ ಕೆಂಪಾಗಿರುವುದೂ, ಹಳ್ಳಿಮನೆಗಳ ಗೋಡೆಯಂಚಿಗೆ ಜಾಜು ಏರುವುದೂ ಇದರಿಂದಲೇ. ಹಳದಿ ಮಣ್ಣಿನಲ್ಲಿರುವುದು ನೀರು ಹಿಡಿದಿಟ್ಟುಕೊಂಡ ಇನ್ನೊಂದು ರೂಪ, ಗೀತೈಟ್. ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ನೀರನ್ನು ಬಿಟ್ಟು ಕೆಂಪಾಗುತ್ತದೆ. ಕುಂಬಾರರ ಆವಿಗೆಯಲ್ಲಿಯೂ ಹಳದಿ ಮಣ್ಣನ್ನು ಹುರಿದು ಬಣ್ಣ ಮಾಡುವಲ್ಲಿಯೂ ನಡೆಯುವುದು ಈ ಒಂದೇ ಕ್ರಿಯೆ.

ಜಲವರ್ಣದ ಬಿಲ್ಲೆಯಲ್ಲಿ ಮುಖ್ಯವಾಗಿ ಇರುವುದು ನುಣ್ಣಗೆ ಅರೆದ ವರ್ಣದ್ರವ್ಯ ಮತ್ತು ಜಾಲಿ ಜಾತಿಯ ಮರ ಒಸರುವ ಅಂಟು. ಅಂಟು ನೀರಿನಲ್ಲಿ ಕರಗಿ, ಕಣಗಳು ಮುದ್ದೆಗಟ್ಟದಂತೆ ತಡೆಯುತ್ತದೆ. ನೀರು ಆರಿದ ಮೇಲೆ ಅವನ್ನು ಕಾಗದದ ನಾರಿಗೆ ಕಚ್ಚಿಸುತ್ತದೆ. ಈ ಪದರ ಬಲು ತೆಳು. ಅದನ್ನು ಹಾಯ್ದ ಬೆಳಕು ಕೆಳಗಿನ ಬಿಳಿ ಕಾಗದಕ್ಕೆ ತಾಗಿ, ಚದುರಿ, ಮತ್ತೆ ಅದೇ ಪದರದ ಮೂಲಕ ಹೊರಬರುತ್ತದೆ. ಎರಡು ಸಲ ಸೋಸಿದ ಈ ಬೆಳಕೇ ಕಣ್ಣಿಗೆ ಬಣ್ಣವಾಗಿ ಕಾಣುವುದು. ಇಲ್ಲಿ ಬಿಳಿಯನ್ನು ಸಾಮಾನ್ಯವಾಗಿ ಬಳಿಯುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಹಿತ್ತಾಳೆ ತಂಬಿಗೆಯ ಕೊರಳ ಬಳಿಯ ಹೊಳಪೆಂದರೆ ಕುಂಚ ತಾಗದೆ ಬಿಟ್ಟ ಒಂದು ಚೂರು ಕಾಗದ. ಮನೆಯ ಸಾಮಾನುಗಳ ಜಲವರ್ಣದಲ್ಲಿ ಇದಕ್ಕಿಂತ ಕಷ್ಟದ, ಇದಕ್ಕಿಂತ ಚೆಲುವಾದ ಸಂಗತಿ ಇನ್ನೊಂದಿಲ್ಲ.

ಮಣ್ಣಿನ ಬಣ್ಣದ ಕಣಗಳು ಒರಟು ಕಾಗದದ ತಗ್ಗುಗಳಲ್ಲಿ ಇಳಿದು ನಿಲ್ಲುವುದರಿಂದ ಗಡಿಗೆಯ ಮೈಯ ತರಿತರಿ ತಾನಾಗಿ ಮೂಡುತ್ತದೆ. ಒದ್ದೆ ಬಣ್ಣದ ಅಂಚು ಒಣಗುವಾಗ ಗಾಢವಾಗುವುದಕ್ಕೆ ಕಾರಣ ಬೇರೆ. ಅಂಚು ಕಾಗದಕ್ಕೆ ಕಚ್ಚಿಕೊಂಡು ಹಿಂದೆ ಸರಿಯದು. ಅಲ್ಲಿ ನೀರು ಬೇಗ ಆವಿಯಾದಂತೆ ನಡುವಿನ ನೀರು ಅತ್ತ ಹರಿದು ಕಣಗಳನ್ನೂ ಹೊತ್ತೊಯ್ಯುತ್ತದೆ. ಕಾಫಿ ಕಲೆಯ ಉಂಗುರಕ್ಕೂ ಇದೇ ಕಾರಣವೆಂದು 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿವರಿಸಿದರು. ಚಿತ್ರದುರ್ಗದ ಒಣಗಾಳಿಯಲ್ಲಂತೂ ಮಡಕೆಯ ದುಂಡನ್ನು ನೆರಳಿನತ್ತ ಮೆಲ್ಲಗೆ ಹೊರಳಿಸಲು ಸಿಗುವ ಹೊತ್ತು ಬಹಳ ಕಡಿಮೆ.

ಇದೇ ಸೀಮೆಯ ಚಂದ್ರವಳ್ಳಿಯಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬಿಳಿ ಗೆರೆಗಳ ಮಡಕೆಚೂರುಗಳು ಸಿಕ್ಕವು. ಕ್ರಿಸ್ತಶಕದ ಆರಂಭಕಾಲದ ಆ ಪಾತ್ರೆಗಳಿಗೆ ಮೊದಲು ಬಿಳಿಯಲ್ಲಿ ಗೆರೆ ಎಳೆದು, ಅದರ ಮೇಲೆ ಕೆಮ್ಮಣ್ಣಿನ ತೆಳುನೀರು ಹಾಯಿಸಿದ್ದರು. ಆ ಕೆಂಪಿನಡಿಯಿಂದ ಬಿಳಿ ಇಂದಿಗೂ ಮೂಡಿ ಬರುತ್ತದೆ.