ಟಬ್ ಸೋರಿದರೆ ಗಾಬರಿ ಬೇಡ

ಒರೆಗಾನ್‌ನಲ್ಲಿರುವ ನನ್ನ ತಂಗಿ ಮರದ ಹಾಟ್ ಟಬ್ ಕಿಟ್ ತರಿಸಿ, ಗಂಡನ ಜೊತೆ ಹಿತ್ತಲಲ್ಲಿ ಜೋಡಿಸಿದಳು. ಸೀಡರ್ ಹಲಗೆಗಳನ್ನು ಸುತ್ತ ನಿಲ್ಲಿಸಿ ಉಕ್ಕಿನ ಬಳೆ ಬಿಗಿದದ್ದಾಯ್ತು. ನೀರು ಬಿಟ್ಟಿದ್ದೇ ತಡ, ಸಂದುಸಂದಿನಿಂದ ಸೋರಿಕೆ! ರಾತ್ರಿಯೇ ಫೋನು: "ದುಡ್ಡೆಲ್ಲಾ ನೀರಲ್ಲಿ ಹೋಯ್ತು ಕಣೇ!"

ನಿಮ್ಮವರು ಯಾರಾದರೂ ಇಂಥದ್ದಕ್ಕೆ ಕೈಹಾಕಿದ್ದರೆ ಹೇಳಿಬಿಡಿ, ಮೊದಲು ಸೋರುವುದು ಸಹಜ. ಒಣಮರ ನೀರು ಕುಡಿದು ಉಬ್ಬಿದಂತೆಲ್ಲ ಸಂದು ತಾನೇ ಮುಚ್ಚಿಕೊಳ್ಳುತ್ತೆ. ಅವಸರಪಟ್ಟು ಅಂಟು ಮೆತ್ತಬೇಡಿ, ಬಳೆಯನ್ನು ಅತಿಯಾಗಿ ಬಿಗಿಯಲೂಬೇಡಿ. ಮರ ಉಬ್ಬಲು ಜಾಗ ಬೇಡವೇ? ಇಳಿದಷ್ಟು ನೀರು ತುಂಬುತ್ತಿರಿ. ಹೀಟರ್ ಹಾಕುವುದು ಟಬ್ ತುಂಬಿ ನಿಂತ ಮೇಲೇ.

ಭಾರ ಮರೆಯಬೇಡಿ, 1,000 ಲೀಟರ್ ನೀರೇ ಒಂದು ಟನ್! ಗಟ್ಟಿ ಕಾಂಕ್ರೀಟ್ ನೆಲವೇ ಸರಿ. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಬಸುರಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಮಕ್ಕಳಿದ್ದರೆ ಮುಚ್ಚಳಕ್ಕೆ ಬೀಗ ಬೇಕೇ ಬೇಕು.

ತಂಗಿಯ ಟಬ್ಬು ಮೂರನೇ ದಿನ ಸೋರುವುದು ನಿಲ್ಲಿಸಿತು.