ಎರಡು ಮುಳ್ಳು, ಒಬ್ಬನೇ ಕಳ್ಳ

ಪೆಟ್ರೋಲ್ ಮುಳ್ಳು ಫುಲ್ ದಾಟಿದೆ.
ಟೆಂಪರೇಚರ್ ಮುಳ್ಳೂ ಮೇಲಕ್ಕೇ ಹತ್ತಿದೆ.
ಎರಡೂ ಮೀಟರ್ ಒಟ್ಟಿಗೇ ಕೆಟ್ಟವಾ?

1960ರ ದಶಕದ ಟ್ರಯಂಫ್ ಸ್ಪಿಟ್‌ಫೈರ್ ಕಾರಿನಲ್ಲಿ
ಹೀಗಾದ್ರೆ ಮೀಟರ್ ಬಿಚ್ಚಬೇಡಿ.

ಮನೆಯ ನಲ್ಲಿಗಳೆಲ್ಲ ಒಟ್ಟಿಗೇ ಕೈಕೊಟ್ರೆ
ಮೊದಲು ನೋಡೋದು ಮಾಳಿಗೆ ಮೇಲಿನ ತೊಟ್ಟೀನ, ಅಲ್ವಾ?

ಇಲ್ಲಿ ಆ ತೊಟ್ಟಿ, ವೋಲ್ಟೇಜ್ ಸ್ಟೆಬಿಲೈಸರ್.
ಡ್ಯಾಶ್‌ಬೋರ್ಡ್ ಹಿಂದಿರೋ ಪುಟ್ಟ ಡಬ್ಬಿ.
12 ವೋಲ್ಟ್ ತಗೊಂಡು,
ಆನ್-ಆಫ್ ಆಗ್ತಾ,
ಸರಾಸರಿ 10 ವೋಲ್ಟ್ ಕೊಡುತ್ತೆ.

ಅದರ ಅರ್ಥಿಂಗ್ ಹೋಯ್ತಾ?
ಆಫ್ ಆಗೋದೇ ಇಲ್ಲ.
ಪೂರ್ತಿ ವೋಲ್ಟೇಜ್ ನುಗ್ಗುತ್ತೆ, ಮುಳ್ಳು ಏರುತ್ತೆ.

ಬ್ಯಾಟರಿ ಕಳಚಿ.
ಡಬ್ಬಿ ಕಾರಿನ ಬಾಡಿಗೆ ತಾಗೋ ಜಾಗದಲ್ಲಿ
ತುಕ್ಕು, ಪೇಂಟ್ ಉಜ್ಜಿ ತೆಗೀರಿ.
ಸ್ಕ್ರೂ ಬಿಗಿ ಮಾಡಿ.

ಕೆಟ್ಟಿರೋದು ಒಂದೇ ಮುಳ್ಳಾ?
ಆಗ ಡಬ್ಬಿ ತಂಟೆಗೆ ಹೋಗಬೇಡಿ.
ಆ ಮೀಟರ್‌ನ ವೈರ್, ಅದಕ್ಕೆ ಅಳತೆ ಕಳಿಸೋ ಸೆಂಡರ್ ನೋಡಿ.
ಪೆಟ್ರೋಲ್ ಟ್ಯಾಂಕ್ ಹತ್ರ ಮಾತ್ರ
ಕಿಡಿ ಹಾರದ ಹಾಗೆ ಹುಷಾರು!